11 ವರ್ಷದ ಮಗನ ಜೊತೆ ಬೆಂಗಳೂರಿಗೆ ಎರಡು ರಾತ್ರಿ, ನಾವಿಬ್ಬರೇ

ತುಂಗಾತೀರ (ಶಿವಮೊಗ್ಗ):

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಲೇ ಇರುತ್ತೇನೆ, ಬರೆಯುತ್ತಿರುವುದು ಮೊದಲ ಸಲ. ಸ್ವಲ್ಪ ಉದ್ದವಾದರೆ ಕ್ಷಮಿಸಿ.

ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮಗನಿಗೆ 11 ವರ್ಷ, ಆರನೇ ಕ್ಲಾಸು. ನಾನು ಮತ್ತು ಅವನಪ್ಪ ಬೇರೆಯಾಗಿ ನಾಲ್ಕು ವರ್ಷವಾಯಿತು. ಮನೆಯಲ್ಲಿ ನಾವಿಬ್ಬರೇ. ದಸರಾ ರಜೆಯಲ್ಲಿ ನನಗೆ ಶುಕ್ರವಾರ, ಶನಿವಾರ, ಭಾನುವಾರ ಬಿಡುವು ಸಿಗುತ್ತದೆ. ಮಗನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು ಅಂತ ಆಸೆ. ಮದುವೆಗಲ್ಲ, ಆಸ್ಪತ್ರೆಗಲ್ಲ, ಯಾರ ಮನೆಗೂ ಅಲ್ಲ. ಸುಮ್ನೆ ಊರು ನೋಡಲು.

ಬೆಂಗಳೂರೇ ಯಾಕೆ ಅಂತ ನೀವು ಕೇಳಬಹುದು. ಅವನಪ್ಪ ಈಗ ಇರುವುದು ಅಲ್ಲಿ. ಮಗನ ತಲೆಯಲ್ಲಿ ಬೆಂಗಳೂರು ಅಂದರೆ ಅಪ್ಪ ಹೋದ ಊರು, ಅಷ್ಟೇ. ಯಾರಾದರೂ ಬೆಂಗಳೂರಿನ ಮಾತು ತೆಗೆದರೆ ಎದ್ದು ಒಳಗೆ ಹೋಗುತ್ತಾನೆ. ಆದರೆ ಇದೇ ಹುಡುಗ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಮೆಟ್ರೋ ನಕ್ಷೆ ಬರೆದು ಇಟ್ಟುಕೊಂಡಿದ್ದಾನೆ. ನೇರಳೆ, ಹಸಿರು, ಹಳದಿ ಅಂತ ಸ್ಕೆಚ್ ಪೆನ್ನಿನಲ್ಲಿ ಬಣ್ಣವನ್ನೂ ಹಾಕಿದ್ದಾನೆ. ಸ್ಟೇಷನ್ ಹೆಸರು ಸಾಲಾಗಿ ಹೇಳುತ್ತಾನೆ. ಮೆಟ್ರೋ ಹತ್ತಿದ್ದು ಮಾತ್ರ ಒಂದು ಸಲವೂ ಇಲ್ಲ. ಆ ಊರಿನಲ್ಲಿ ಅವನಿಗೆ ಬೇರೆ ನೆನಪುಗಳೂ ಇರಲಿ ಅಂತ ನನಗೆ ಆಸೆ.

ಭಯವೂ ಇದೆ. ಮೊದಲನೆಯದು ಲಾಡ್ಜ್. ಎರಡು ವರ್ಷದ ಹಿಂದೆ ಒಂದು ದೇವಸ್ಥಾನದ ಊರಿಗೆ ಹೋಗಿದ್ದೆವು. ಲಾಡ್ಜಿನ ಕೌಂಟರಿನಲ್ಲಿದ್ದವರು ಮಗನ ಎದುರಿಗೇ "ಯಜಮಾನ್ರು ಎಲ್ಲಿ?" ಅಂತ ಮೂರು ಸಲ ಕೇಳಿದರು. ಆಮೇಲೆ ರೂಮ್ ಖಾಲಿ ಇಲ್ಲ ಅಂದರು. ನಮ್ಮ ಹಿಂದೆ ಬಂದವರಿಗೆ ಕೊಟ್ಟರು. ಮಗ ಅದನ್ನು ಇವತ್ತಿಗೂ ಮರೆತಿಲ್ಲ.

ಎರಡನೆಯದು ಶೌಚಾಲಯ. ಇದನ್ನು ಬರೆಯಲು ಮುಜುಗರ, ಆದರೆ ಬೇರೆ ಯಾರನ್ನು ಕೇಳಲಿ? ಹೋದ ತಿಂಗಳು ಒಂದು ಬಸ್ ಸ್ಟ್ಯಾಂಡಿನಲ್ಲಿ ಯಾವಾಗಿನಂತೆ ಅವನನ್ನು ಹೆಂಗಸರ ಕಡೆಗೆ ಕರೆದುಕೊಂಡು ಹೋದೆ. ಒಬ್ಬ ಹೆಂಗಸು "ಇಷ್ಟು ದೊಡ್ಡ ಹುಡುಗನ್ನ ಇಲ್ಲಿಗೆ ತರ್ತಾರಾ?" ಅಂದರು. ಅವರದು ತಪ್ಪಲ್ಲ. ಮಗನ ಮುಖ ಕೆಂಪಾಯಿತು. ಆವತ್ತಿನಿಂದ ಅವನು ಒಬ್ಬನೇ ಗಂಡಸರ ಕಡೆ ಹೋಗುತ್ತಾನೆ, ನಾನು ಹೊರಗೆ ಜೀವ ಬಿಗಿಹಿಡಿದು ನಿಲ್ಲುತ್ತೇನೆ. ಅಷ್ಟು ದೊಡ್ಡ ಊರಿನಲ್ಲಿ ಹೇಗೆ ಮಾಡುವುದು?

ಮೂರನೆಯದು ಜನಜಂಗುಳಿ. ಈಗ ಅವನು ಕೈ ಹಿಡಿಯಲು ಬಿಡುವುದಿಲ್ಲ. ರಸ್ತೆ ದಾಟುವಾಗಲೂ ನನ್ನ ಕೈ ಬಿಡಿಸಿಕೊಳ್ಳುತ್ತಾನೆ. ರಾತ್ರಿ ನಿದ್ದೆಯಲ್ಲಿ ಮಾತ್ರ ನನ್ನ ಸೆರಗು ಹಿಡಿದಿರುತ್ತಾನೆ.

ಖರ್ಚಿಗೆ 8,000 ರೂಪಾಯಿ ತೆಗೆದಿಟ್ಟಿದ್ದೇನೆ. ಮಾಲ್, ವಾಟರ್ ಪಾರ್ಕ್ ಬೇಡ. ಅವನಿಗೆ ರೈಲು, ವಿಮಾನ, ಯಂತ್ರ ಇಷ್ಟ. ನನಗೆ ಎಲ್ಲಾದರೂ ಒಂದು ಗಂಟೆ ಮರದ ಕೆಳಗೆ ಕೂತರೆ ಸಾಕು. ಗೊತ್ತಿರುವವರು ಹೇಳಿ.

ಮಲ್ಲಿಗೆ (ಹಾಸನ):

ಮೇಡಂ, ತಪ್ಪು ತಿಳಿಯಬೇಡಿ. ಅಣ್ಣನೋ ತಮ್ಮನೋ ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಅಷ್ಟು ದೊಡ್ಡ ಊರಿನಲ್ಲಿ ಗಂಡಸರು ಒಬ್ಬರು ಇದ್ದರೆ ಧೈರ್ಯ. ಇಲ್ಲವಾದರೆ ನಮ್ಮ ಕಡೆ ಬನ್ನಿ, ಬೇಲೂರು ಹಳೇಬೀಡು ನೋಡಿಕೊಂಡು ಆರಾಮಾಗಿ ಹೋಗಬಹುದು.

ತುಂಗಾತೀರ (ಶಿವಮೊಗ್ಗ):

ತಪ್ಪು ತಿಳಿಯುವುದೇನೂ ಇಲ್ಲ, ನಮ್ಮ ಅಮ್ಮ ಹೇಳಿದ್ದೂ ಅದೇ. ತಮ್ಮ ಇದ್ದಾನೆ, ತುಂಬಾ ಒಳ್ಳೆಯವನು, ಕೇಳಿದರೆ ಬರುತ್ತಾನೆ. ಆದರೆ ಅವನು ಬಂದರೆ ಮಗ ಅವನ ಹಿಂದೆ ಓಡುತ್ತಾನೆ, ನಾನು ಬ್ಯಾಗ್ ಕಾಯುತ್ತಾ ಕೂರುತ್ತೇನೆ. ಪ್ರತಿ ಸಲ ಹಾಗೇ ಆಗಿದೆ. ಈ ಸಲ ನಾನೂ ನೋಡಬೇಕು. ಇಬ್ಬರೇ ಹೋಗಿ ಇಬ್ಬರೇ ವಾಪಸ್ ಬರಬಹುದು ಅನ್ನುವುದು ಅವನಿಗೂ ನನಗೂ ಗೊತ್ತಾಗಬೇಕು. ಬೇಲೂರಿಗೆ ಖಂಡಿತ ಬರುತ್ತೇವೆ.

ಗಿರಿನಗರದ ಅಮ್ಮ (ಬೆಂಗಳೂರು):

ನಿಮ್ಮ ಪತ್ರ ಓದಿ ಎರಡು ಸಲ ಫೋನ್ ಕೆಳಗಿಟ್ಟೆ. ನನ್ನ ಮಗನಿಗೆ ಈಗ 17. ಅವನು ಆರು ವರ್ಷದವನಿದ್ದಾಗಿಂದ ನಾನೊಬ್ಬಳೇ ಸಾಕಿದ್ದು. ನೀವು ಕೇಳಿದ ಮೂರೂ ಪ್ರಶ್ನೆ ನನ್ನವೂ ಆಗಿದ್ದವು.

ಲಾಡ್ಜಿಗೆ ಸುಮ್ನೆ ಹೋಗಿ ಬಾಗಿಲಲ್ಲಿ ನಿಲ್ಲಬೇಡಿ. ಮೊದಲೇ ಬುಕ್ ಮಾಡಿ, ಮಾಡಿದ ಮೇಲೆ ನೀವೇ ಫೋನ್ ಮಾಡಿ. "ನಾನು, ನನ್ನ 11 ವರ್ಷದ ಮಗ, ಇಬ್ಬರೇ. ಇಬ್ಬರ ಆಧಾರ್ ಇದೆ. ಬೆಳಿಗ್ಗೆ ಇಷ್ಟು ಹೊತ್ತಿಗೆ ಬರುತ್ತೇವೆ" ಅಂತ ಹೇಳಿ. ಅವರು ತಡವರಿಸಿದರೆ ಅಲ್ಲೇ ಬಿಟ್ಟು ಬೇರೆ ನೋಡಿ. ಅವಮಾನ ಆಗುವುದಿದ್ದರೆ ಫೋನಿನಲ್ಲೇ ಆಗಿಹೋಗಲಿ, ಮಗುವಿನ ಎದುರು ಬೇಡ. ಗಾಂಧಿನಗರದಲ್ಲಿ ಕುಟುಂಬಗಳು ಇಳಿದುಕೊಳ್ಳುವ ಲಾಡ್ಜ್ ಬೇಕಾದಷ್ಟಿವೆ, ಮೆಟ್ರೋಗೂ ಹತ್ತಿರ. ರೂಮಿಗೆ ಹೋದ ಕೂಡಲೇ ಒಳಗಿನ ಚಿಲಕ ಗಟ್ಟಿ ಇದೆಯಾ ನೋಡಿ, ಇಲ್ಲದಿದ್ದರೆ ರೂಮ್ ಬದಲಿಸಿ ಅಂತ ಕೇಳಿ. ಸಂಕೋಚ ಬೇಡ.

ಶೌಚಾಲಯದ ವಿಷಯ. ನಾನು ನನ್ನ ಮಗನಿಗೆ ಹೇಳಿಕೊಟ್ಟಿದ್ದು ಇಷ್ಟೇ: ಬಾಗಿಲಿರುವ ಕೋಣೆಗೇ ಹೋಗು, ಯಾರ ಜೊತೆಗೂ ಮಾತು ಬೇಡ, ಯಾರಾದರೂ ಮುಟ್ಟಿದರೆ, ಹತ್ತಿರ ಬಂದರೆ ಜೋರಾಗಿ "ಅಮ್ಮಾ" ಅಂತ ಕೂಗು. ನಾನು ಎಲ್ಲಿದ್ದರೂ ಒಳಗೆ ನುಗ್ಗುತ್ತೇನೆ, ಅದು ಗಂಡಸರದು ಅಂತ ನೋಡುವುದಿಲ್ಲ. ಈ ಮಾತನ್ನು ನೀವು ನಿಜವಾಗಿಯೂ ಅವನಿಗೆ ಹೇಳಬೇಕು. ನೀವು ಬರುತ್ತೀರಿ ಅಂತ ಅವನಿಗೆ ಗೊತ್ತಿರಬೇಕು. ಮ್ಯೂಸಿಯಂ, ತಾರಾಲಯ, ದೊಡ್ಡ ಹೋಟೆಲುಗಳಲ್ಲಿ ಶೌಚಾಲಯ ಚೆನ್ನಾಗಿರುತ್ತದೆ. ಹೊರಡುವ ಮುಂಚೆ ಅಲ್ಲೇ ಮುಗಿಸಿಕೊಳ್ಳಿ.

ನಿಮ್ಮ ನಂಬರ್ ಅವನಿಗೆ ಬಾಯಿಪಾಠ ಇರಲಿ. ಚೀಟಿಯಲ್ಲೂ ಬರೆದು ಜೇಬಿಗೆ ಹಾಕಿ. ಮಕ್ಕಳ ಸಹಾಯವಾಣಿ 1098 ಕೂಡ ಬರೆಯಿರಿ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಪ್ಪ ಇರುವ ಊರಿಗೆ ಹೋಗುತ್ತಿದ್ದೀರಿ. ಅವನು ಕೇಳಬಹುದು, ಕೇಳದೆಯೂ ಇರಬಹುದು. ಕೇಳಿದರೆ ಮಾತು ತಿರುಗಿಸಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಾನು ಒಂದು ಸಲ ಮಾತು ತಿರುಗಿಸಿದೆ. ಆಮೇಲೆ ಅವನು ನನ್ನನ್ನು ಕೇಳುವುದನ್ನೇ ಬಿಟ್ಟ. ಅದು ಸರಿಹೋಗಲು ಬಹಳ ದಿನ ಬೇಕಾಯಿತು.

ರೈಲುಪ್ರಿಯ (ಅರಸೀಕೆರೆ):

ಅಕ್ಕಾ, ನಿಮ್ಮ ಮಗ ನಮ್ಮ ಪಂಗಡದವನು. ರೈಲಿನ ವಿಷಯ ನನಗೆ ಬಿಡಿ.

ಶಿವಮೊಗ್ಗದಿಂದ ಜನಶತಾಬ್ದಿಗೆ ಬನ್ನಿ. ಬೆಳಗಿನ ಜಾವ ಹೊರಟು ಹತ್ತು ಗಂಟೆ ಸುಮಾರಿಗೆ ಬೆಂಗಳೂರು. ರಾತ್ರಿ ರೈಲು ಬೇಡ, ತಾಳಗುಪ್ಪದಿಂದ ಬರುವುದು ನಸುಕಿನಲ್ಲೇ ಬೆಂಗಳೂರಿಗೆ ತಂದು ಇಳಿಸುತ್ತದೆ. ಆ ಹೊತ್ತಿಗೆ ರೂಮೂ ಕೊಡುವುದಿಲ್ಲ. ವಾಪಸ್ ಬರಲೂ ಜನಶತಾಬ್ದಿ ಇದೆ, ಸಂಜೆ ಬಿಡುತ್ತದೆ. ಒಂದು ವಿಷಯ ಗಮನಿಸಿ: ರೈಲಿನಲ್ಲಿ 5ರಿಂದ 12 ವರ್ಷದೊಳಗಿನ ಮಕ್ಕಳಿಗೆ ಬೇರೆ ಸೀಟು ಬೇಕೆಂದರೆ ಪೂರ್ತಿ ದುಡ್ಡು. ಐದು ಗಂಟೆ ಪ್ರಯಾಣಕ್ಕೆ ಸೀಟು ತೆಗೆದುಕೊಳ್ಳಿ. ಕಿಟಕಿ ಸೀಟು ಅವನಿಗೇ.

ಬಸ್ಸಿನಲ್ಲಿ ಹಾಗಲ್ಲ. ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಲ್ಲಿ ನಿಮಗೆ ಶೂನ್ಯ ಟಿಕೆಟ್, ಆಧಾರ್ ಕೈಯಲ್ಲಿರಲಿ. ಅವನಿಗೆ ಅರ್ಧ ಟಿಕೆಟ್. ಎಸಿ ವಜ್ರ ಬಸ್ಸಿಗೆ ಶಕ್ತಿ ಇಲ್ಲ.

ಈಗ ಮೆಟ್ರೋ. ಎಲ್ಲರೂ ಫೋನಿನಲ್ಲಿ ಕ್ಯೂಆರ್ ಟಿಕೆಟ್ ತೆಗೆದುಕೊಳ್ಳಿ ಅನ್ನುತ್ತಾರೆ. ನೀವು ಹಾಗೆ ಮಾಡಬೇಡಿ. ಕೌಂಟರಿನಲ್ಲಿ ಟೋಕನ್ ತೆಗೆದುಕೊಂಡು ಅವನದು ಅವನ ಕೈಗೇ ಕೊಡಿ. ಇಬ್ಬರ ಟಿಕೆಟ್ಟೂ ನಿಮ್ಮ ಫೋನಿನಲ್ಲಿದ್ದು, ಜನದಲ್ಲಿ ಬೇರೆಯಾದರೆ ಅವನು ಗೇಟಿನಿಂದ ಹೊರಗೆ ಬರಲಾರ. ಟೋಕನ್ ಇದ್ದರೆ ಬರುತ್ತಾನೆ.

ಮೆಜೆಸ್ಟಿಕ್ ಸ್ಟೇಷನ್ನಿನಲ್ಲಿ ನೇರಳೆ ಮತ್ತು ಹಸಿರು ಲೈನ್ ಒಂದರ ಕೆಳಗೆ ಒಂದು ಸೇರುತ್ತವೆ. ಅಲ್ಲಿ ಜನ ಜಾಸ್ತಿ. ಹತ್ತುವ ಮುಂಚೆ ಒಂದು ಒಪ್ಪಂದ ಮಾಡಿಕೊಳ್ಳಿ. ಬಾಗಿಲು ಮುಚ್ಚಿ ಒಬ್ಬರು ಒಳಗೆ, ಒಬ್ಬರು ಹೊರಗೆ ಉಳಿದರೆ, ಒಳಗಿದ್ದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ನಿಲ್ಲಬೇಕು. ಹೊರಗಿದ್ದವರು ಮುಂದಿನ ಗಾಡಿಯಲ್ಲಿ ಅದೇ ಸ್ಟೇಷನ್ನಿಗೆ ಬರಬೇಕು. ವಾಪಸ್ ಬರುವ ಯೋಚನೆ ಇಬ್ಬರೂ ಮಾಡಬಾರದು, ಮಾಡಿದರೆ ಎದುರು ಬದುರು ಗಾಡಿಯಲ್ಲಿ ಸುತ್ತುತ್ತಾ ಇರುತ್ತೀರಿ. ನಮ್ಮ ಮನೆ ಮಕ್ಕಳಿಗೆಲ್ಲ ಇದನ್ನೇ ಹೇಳಿಕೊಟ್ಟಿದ್ದೇನೆ.

ಹಳದಿ ಲೈನ್ ತಪ್ಪಿಸಬೇಡಿ. 2025ರ ಆಗಸ್ಟಿನಲ್ಲಿ ಶುರುವಾಗಿದ್ದು, ಆರ್‌.ವಿ. ರೋಡಿನಿಂದ ಬೊಮ್ಮಸಂದ್ರದವರೆಗೆ. ಚಾಲಕ ಇಲ್ಲದೆ ಓಡಬಲ್ಲ ಗಾಡಿಗಳು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ ಮೇಲೆ ಮೆಟ್ರೋ, ಅದರ ಕೆಳಗೆ ಫ್ಲೈಓವರ್, ಅದರ ಕೆಳಗೆ ಹಳೇ ರಸ್ತೆ. ಕಿಟಕಿ ಹತ್ತಿರ ನಿಲ್ಲಿಸಿ.

ಹಳೇ ಮೇಷ್ಟ್ರು (ತುಮಕೂರು):

ತಾಯಿ, ನಾನು 31 ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವನು. ವರ್ಷಕ್ಕೊಮ್ಮೆ ಮಕ್ಕಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದೆ. ಶಾಲೆಯ ಪ್ರವಾಸದಲ್ಲಿ ಒಂದು ದಿನಕ್ಕೆ ಆರು ಜಾಗ ತೋರಿಸಿ ಮಕ್ಕಳಿಗೆ ಏನೂ ನೆನಪಿರದ ಹಾಗೆ ಮಾಡುತ್ತೇವೆ. ನೀವು ಹಾಗೆ ಮಾಡಬೇಡಿ. ದಿನಕ್ಕೆ ಒಂದು ದೊಡ್ಡ ಜಾಗ, ಒಂದು ಮರದ ನೆರಳು, ಸಾಕು.

ಯಂತ್ರ ಇಷ್ಟ ಅಂದಿರಿ. ಹಾಗಾದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮೊದಲು. 1962ರಲ್ಲಿ ಆರಂಭವಾದದ್ದು. ಅಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿ ಇದೆ. ಅದರ ಮುಂದೆ ನಿಲ್ಲಿಸಿ ಹೇಳಿ: 1903ರಲ್ಲಿ ಅದರ ಮೊದಲ ಹಾರಾಟ ಕೇವಲ 12 ಸೆಕೆಂಡ್, 120 ಅಡಿ. ಎಂಜಿನ್ ಹಾಲಿನಲ್ಲಿ ಎಷ್ಟು ಹೊತ್ತು ನಿಂತರೂ ಎಳೆಯಬೇಡಿ. ಗುಂಡಿ ಒತ್ತಿ ನೋಡುವುದನ್ನೆಲ್ಲ ಒತ್ತಿ ನೋಡಲಿ.

ನೆಹರು ತಾರಾಲಯಕ್ಕೆ ಸೋಮವಾರ ರಜೆ, ನಿಮಗೆ ತೊಂದರೆ ಇಲ್ಲ. ಕನ್ನಡದಲ್ಲಿ ಬೇರೆ ಪ್ರದರ್ಶನ ಇರುತ್ತದೆ, ಅದಕ್ಕೇ ಹೋಗಿ. ಇಂಗ್ಲಿಷಿನದು ಮುಂಚೆ ಇದೆ ಅಂತ ಅವಸರಪಡಬೇಡಿ. ಕತ್ತಲಲ್ಲಿ ನಕ್ಷತ್ರ ನೋಡುತ್ತಾ ತನ್ನ ಭಾಷೆ ಕೇಳಿದರೆ ಮಗು ಪ್ರಶ್ನೆ ಕೇಳುತ್ತದೆ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ವಿಮಾನಕ್ಕೆ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಎಚ್‌ಎಎಲ್ ಮ್ಯೂಸಿಯಂ ಇದೆ. ನಮ್ಮಲ್ಲೇ ತಯಾರಾದ ಮಾರುತ್ ಯುದ್ಧವಿಮಾನವನ್ನು ಬಯಲಲ್ಲೇ ನಿಲ್ಲಿಸಿದ್ದಾರೆ. ಆದರೆ ದೂರ. ಎರಡು ದಿನದಲ್ಲಿ ಅದಕ್ಕೂ ಓಡಿದರೆ ಸುಸ್ತು. ಮುಂದಿನ ಸಲಕ್ಕೆ ಇರಲಿ.

ಲಾಲ್‌ಬಾಗಿಗೆ ಬೆಳಿಗ್ಗೆ ಬೇಗ ಹೋಗಿ. ಎಲ್ಲರೂ ಗಾಜಿನ ಮನೆ ನೋಡಿ ಬರುತ್ತಾರೆ, ಅದು 1889ರದ್ದು. ನೀವು ಕೆಂಪೇಗೌಡ ಗೋಪುರ ಇರುವ ಬಂಡೆ ಹತ್ತಿ. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಡೈನೋಸಾರ್ ಎಲ್ಲ ನಿನ್ನೆ ಮೊನ್ನೆಯವು ಅದರ ಮುಂದೆ. ಮಗನ ಅಂಗೈಯನ್ನು ಕಲ್ಲಿನ ಮೇಲೆ ಇಡಿಸಿ.

ಅಕ್ಟೋಬರ್ ಸಂಜೆ ಮಳೆ ಬರುತ್ತದೆ. ಕೊಡೆ ಮರೆಯಬೇಡಿ.

ತುಂಗಾತೀರ (ಶಿವಮೊಗ್ಗ):

ಹೋಗಿ ಬಂದೆವು! ಬಂದು ನಾಲ್ಕು ದಿನವಾಯಿತು. ಮಂಡಿಯಲ್ಲಿ ಕೆಲಸ ರಾಶಿ ಬಿದ್ದಿತ್ತು, ಇವತ್ತು ಕೂತು ಬರೆಯುತ್ತಿದ್ದೇನೆ. ನೀವೆಲ್ಲ ಅಷ್ಟು ಬರೆದಿರಿ, ನಾನು ಎರಡು ಸಾಲಿನಲ್ಲಿ ಧನ್ಯವಾದ ಹೇಳಿ ಸುಮ್ಮನಾಗುವುದು ಸರಿಯಲ್ಲ.

ಲಾಡ್ಜ್ ಮೊದಲು. ಗಿರಿನಗರದ ಅಕ್ಕ ಹೇಳಿದ ಹಾಗೆ ಫೋನ್ ಮಾಡಿದೆ. ಒಂದು ಕಡೆ "ಮೇಡಂ, ಜೆಂಟ್ಸ್ ಯಾರೂ ಬರಲ್ವಾ?" ಅಂದರು. ಅಲ್ಲೇ ಬಿಟ್ಟೆ. ಎರಡನೇ ಕಡೆ ಫೋನ್ ತೆಗೆದ ಹುಡುಗ "ಹತ್ತೂವರೆಗೆ ರೂಮ್ ರೆಡಿ ಮಾಡಿಸ್ತೀನಿ, ಮಗನಿಗೆ ಬೆಳಿಗ್ಗೆ ಹಾಲು ಬೇಕಾ?" ಅಂತ ಕೇಳಿದ. ಅಷ್ಟು ಮಾತಿಗೇ ನನ್ನ ಕಣ್ಣು ತುಂಬಿತು. ಹೋದಾಗ ಆಧಾರ್ ನೋಡಿದರು, ಸಹಿ ಮಾಡಿಸಿಕೊಂಡರು, ಕೀ ಕೊಟ್ಟರು. ಮಗ ಕೌಂಟರಿನ ಹತ್ತಿರ ನನ್ನ ಪಕ್ಕ ಬಿಗಿಯಾಗಿ ನಿಂತಿದ್ದ. ಕೀ ಕೈಗೆ ಬಂದ ಮೇಲೆ "ಅಷ್ಟೇನಾ?" ಅಂದ. ಅಷ್ಟೇ ಕಣೋ ಅಂದೆ. ಎರಡು ಮೆಟ್ಟಿಲಿಗೆ ಒಂದೊಂದು ಹೆಜ್ಜೆ ಹಾಕಿ ಮೇಲೆ ಓಡಿದ.

ರೈಲು ಭದ್ರಾವತಿಗೆ ಬಂದಾಗ ಇನ್ನೂ ಕತ್ತಲಿತ್ತು. ನಮ್ಮ ತಾತ ಅಲ್ಲಿ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1923ರಲ್ಲಿ ಉತ್ಪಾದನೆ ಶುರುವಾದ ಕಾರ್ಖಾನೆ, ವಿಶ್ವೇಶ್ವರಯ್ಯನವರು ನಿಂತು ನಡೆಸಿದ್ದು ಅಂತ ಮಗನಿಗೆ ಹೇಳಿದೆ. ನಿದ್ದೆಗಣ್ಣಿನಲ್ಲಿ ಹೂಂ ಅಂದ. ಕೇಳಿಸಿಕೊಂಡನೋ ಇಲ್ಲವೋ ಅಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ಮ್ಯೂಸಿಯಂ. ಒಳಗೆ ಹೋಗುವಾಗ ಬೋರ್ಡ್ ನೋಡಿ "ಅಮ್ಮಾ, ಮುತ್ತಾತನ ಫ್ಯಾಕ್ಟರಿಯವರು" ಅಂದ. ಕೇಳಿಸಿಕೊಂಡಿದ್ದ! ಎಂಜಿನ್ ಹಾಲಿನಲ್ಲಿ ಒಂದೂವರೆ ಗಂಟೆ ನಿಂತ. ಮೇಷ್ಟ್ರು ಹೇಳಿದ್ದು ನೆನಪಿತ್ತು, ಎಳೆಯಲಿಲ್ಲ. ರೈಟ್ ಸಹೋದರರ ವಿಮಾನದ ಮುಂದೆ 12 ಸೆಕೆಂಡ್ ಕಥೆ ಹೇಳಿದೆ. ವಾಚ್ ನೋಡಿಕೊಂಡು 12 ಸೆಕೆಂಡ್ ಎಣಿಸಿದ. ಪಕ್ಕದಲ್ಲಿದ್ದ ಬೇರೆ ಮಕ್ಕಳೂ ಎಣಿಸಿದರು. "120 ಅಡಿ ಅಂದ್ರೆ ಮಂಡಿ ಗೇಟಿಂದ ನಿನ್ನ ಟೇಬಲ್ಲಿನವರೆಗೂ ಬರಲ್ಲ" ಅಂದ. ಅಲ್ಲಿಂದ ಇಲ್ಲಿಗೆ ಅಳೆಯಲು ಅವನಿಗೆ ನನ್ನ ಟೇಬಲ್ ನೆನಪಾಯಿತು ಅನ್ನುವುದು ನನಗೆ ತುಂಬಾ ಖುಷಿ ಕೊಟ್ಟಿತು.

ಅಲ್ಲೇ ಗಂಡಸರ ಶೌಚಾಲಯಕ್ಕೆ ಒಬ್ಬನೇ ಹೋದ. ಹೋಗುವ ಮುಂಚೆ ಅಕ್ಕನ ಮಾತು ಹೇಳಿದ್ದೆ, ಕೂಗಿದರೆ ಒಳಗೆ ಬಂದೇ ಬರುತ್ತೇನೆ ಅಂತ. "ಗಂಡಸರದ್ದಕ್ಕೂ?" ಅಂದ. ಹೌದು ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಆರಾಮಾಗಿ ಹೋಗಿ ಬಂದ. ಎರಡು ದಿನವೂ ಆ ಭಯ ಮತ್ತೆ ಬರಲಿಲ್ಲ.

ಶನಿವಾರ ಆರೂವರೆಗೆ ಲಾಲ್‌ಬಾಗ್. ಬಂಡೆ ಮೇಲೆ ತಣ್ಣಗೆ ಗಾಳಿ. ಮಗ ಅಂಗೈ ಇಟ್ಟು ಕೂತ. ನನಗೆ ಬೇಕಾಗಿದ್ದ ಆ ಒಂದು ಗಂಟೆ ಅಲ್ಲಿ ಸಿಕ್ಕಿತು. ಬೆಳಿಗ್ಗೆ ಡಬ್ಬಿ ಕಟ್ಟುವ ಅವಸರ ಇಲ್ಲ, ಫೋನ್ ಇಲ್ಲ. ಇಬ್ಬರೂ ಏನೂ ಮಾತಾಡಲಿಲ್ಲ. ಅಲ್ಲಿಂದ ಆಟೋದಲ್ಲಿ ಗಾಂಧಿ ಬಜಾರಿಗೆ ಹೋಗಿ ವಿದ್ಯಾರ್ಥಿ ಭವನದಲ್ಲಿ ದೋಸೆ. 1943ರಿಂದ ಇರುವ ಹೋಟೆಲು, ಶುಕ್ರವಾರ ರಜೆ ಅಂತ ಗೊತ್ತಿದ್ದೇ ಶನಿವಾರಕ್ಕೆ ಇಟ್ಟುಕೊಂಡಿದ್ದೆ. ಮುಕ್ಕಾಲು ಗಂಟೆ ಕಾಯಬೇಕಾಯಿತು. ಸಪ್ಲೈ ಮಾಡುವವರು ತೋಳಿನ ಮೇಲೆ ಸಾಲಾಗಿ ದೋಸೆ ತಟ್ಟೆ ಜೋಡಿಸಿಕೊಂಡು ಬರುವುದನ್ನು ನೋಡುತ್ತಾ ಮಗ ತಿನ್ನುವುದನ್ನೇ ಮರೆತ. ದೋಸೆ ನಮ್ಮ ಕಡೆಯದಕ್ಕಿಂತ ದಪ್ಪ, ಗರಿಗರಿ. ಅವನು ಎರಡು ತಿಂದ, ನಾನೂ ಎರಡು ತಿಂದೆ.

ಹಳದಿ ಲೈನ್ ಬಗ್ಗೆ ಬರೆದರೆ ಅದೇ ಒಂದು ಪುಸ್ತಕ ಆಗುತ್ತದೆ. ಬೊಮ್ಮಸಂದ್ರದವರೆಗೆ ಹೋಗಿ ವಾಪಸ್ ಬಂದೆವು. ಅಲ್ಲಿ ನಮಗೆ ಏನೂ ಕೆಲಸ ಇರಲಿಲ್ಲ, ಸುಮ್ನೆ ಹೋದದ್ದು. ಕೆಳಗೆ ಫ್ಲೈಓವರ್ ಮೇಲೆ ಕಾರುಗಳು, ಅದರ ಕೆಳಗೆ ಬಸ್ಸುಗಳು. ಅವನ ಮೂಗು ಗಾಜಿಗೆ ಅಂಟಿಕೊಂಡೇ ಇತ್ತು.

ಇನ್ನು ಮೆಜೆಸ್ಟಿಕ್. ರೈಲುಪ್ರಿಯ ಅವರೇ, ನಿಮಗೆ ಎಷ್ಟು ಸಲ ಕೈ ಮುಗಿದರೂ ಸಾಲದು.

ತಾರಾಲಯಕ್ಕೆ ಹೋಗಲು ಹಸಿರು ಲೈನಿನಿಂದ ನೇರಳೆಗೆ ಬದಲಾಯಿಸುತ್ತಿದ್ದೆವು. ಶನಿವಾರ ಮಧ್ಯಾಹ್ನ, ಜನವೋ ಜನ. ನನಗೆ ಮೊದಲ ಬೋಗಿ, ಹೆಂಗಸರದ್ದು, ಹತ್ತೋಣ ಅನ್ನಿಸಿತ್ತು. ಅವನು ಒಪ್ಪಲಿಲ್ಲ, "ನಾನು ಹೆಂಗಸಲ್ಲ" ಅಂದ. ಸರಿ ಅಂತ ಎರಡನೇ ಬೋಗಿಯ ಹತ್ತಿರ ನಿಂತೆವು. ಬಾಗಿಲು ತೆರೆಯಿತು. ಹಿಂದಿನಿಂದ ತಳ್ಳಿದರು, ನಾನು ಒಳಗೆ ಹೋಗಿಬಿಟ್ಟೆ. ಅವನು ನನ್ನ ಹಿಂದೆಯೇ ಇದ್ದಾನೆ ಅಂದುಕೊಂಡೆ. ಇಳಿಯುವವರಿಗೆ ದಾರಿ ಬಿಡಲು ಅವನು ಪಕ್ಕಕ್ಕೆ ನಿಂತಿದ್ದ. ನಾನೇ ಕಲಿಸಿದ್ದು ಅದು, ಇಳಿಯುವವರಿಗೆ ಮೊದಲು ದಾರಿ ಬಿಡು ಅಂತ. ಬಾಗಿಲು ಮುಚ್ಚಿತು.

ನಾನು ಗಾಜಿಗೆ ಎರಡೂ ಕೈ ಬಡಿದೆ. ಏನು ಕೂಗಿದೆನೋ ಗೊತ್ತಿಲ್ಲ. ಹೊರಗೆ ಅವನು ಜೇಬಿನಿಂದ ಟೋಕನ್ ತೆಗೆದು ಮೇಲೆತ್ತಿ ನನಗೆ ತೋರಿಸಿದ. ಆಮೇಲೆ ಒಂದು ಬೆರಳು ತೋರಿಸಿದ. ಒಂದು ಸ್ಟೇಷನ್. ಗಾಡಿ ಸುರಂಗದೊಳಗೆ ಹೋಯಿತು.

ಮುಂದಿನ ಸ್ಟೇಷನ್ ಸೆಂಟ್ರಲ್ ಕಾಲೇಜ್. ಎರಡು ನಿಮಿಷದ ದಾರಿ. ಇಳಿದೆ. ಪ್ಲಾಟ್‌ಫಾರ್ಮಿನಲ್ಲಿ ಹೆಚ್ಚು ಜನ ಇರಲಿಲ್ಲ. ಎದುರಿನ ಗಾಡಿ ಹಿಡಿದು ವಾಪಸ್ ಮೆಜೆಸ್ಟಿಕ್ಕಿಗೆ ಓಡಬೇಕು ಅಂತ ಮೈಯೆಲ್ಲ ಹೇಳುತ್ತಿತ್ತು. ಒಪ್ಪಂದ ನೆನಪಾಗಿ ಕಂಬ ಹಿಡಿದು ನಿಂತೆ. ಸೆಕ್ಯೂರಿಟಿಯ ಹುಡುಗಿಯೊಬ್ಬಳು ಬಂದು ಏನಾಯ್ತು ಮೇಡಂ ಅಂದಳು. ಹೇಳಿದೆ. ಅವಳು ನನ್ನ ಪಕ್ಕದಲ್ಲೇ ನಿಂತಳು. ಅವಳ ಹೆಸರು ಕೇಳಲೂ ನನಗೆ ತೋಚಲಿಲ್ಲ.

ಗಾಡಿ ಬಂತು. ಎರಡನೇ ಬೋಗಿ, ಅದೇ ಬಾಗಿಲು. ಮಗ ಇಳಿದ. ಮುಖ ಸ್ವಲ್ಪ ಬಿಳಿಚಿಕೊಂಡಿತ್ತು. "ಗಾಡಿ ಬರೋಕೆ ನಾಲ್ಕು ನಿಮಿಷ ಅಂತ ಬೋರ್ಡಲ್ಲಿ ಇತ್ತು, ಸರಿಯಾಗಿ ನಾಲ್ಕೇ ನಿಮಿಷಕ್ಕೆ ಬಂತು" ಅಂದ. ನಾನು ಬೆಂಚಿನ ಮೇಲೆ ಕೂತುಬಿಟ್ಟೆ, ಕಾಲು ನಿಲ್ಲಲಿಲ್ಲ. ಅವನು ನೀರಿನ ಬಾಟಲಿ ತೆಗೆದು ಕೊಟ್ಟ. ಮೇಲೆ ನೋಡಿ ಸ್ಟೇಷನ್ನಿನ ಪೂರ್ತಿ ಹೆಸರು ಓದಿದ: ಸರ್ ಎಂ. ವಿಶ್ವೇಶ್ವರಯ್ಯ ಸ್ಟೇಷನ್, ಸೆಂಟ್ರಲ್ ಕಾಲೇಜ್. "ಇವರು ಎಲ್ಲ ಕಡೆ ಇದಾರಲ್ಲಮ್ಮ" ಅಂದ. ಆಮೇಲೆ "ಇನ್ಮೇಲೆ ನೀನು ನನ್ನ ಮುಂದೆ ನಡಿ, ನಂಗೆ ಕಾಣೋ ಹಾಗೆ" ಅಂದ. ವಾಪಸ್ ಊರಿಗೆ ಬರುವವರೆಗೂ ನಾನು ಮುಂದೆಯೇ ನಡೆದೆ.

ತಾರಾಲಯದಲ್ಲಿ ಕನ್ನಡದ ಪ್ರದರ್ಶನಕ್ಕೆ ಕಾದು ಕೂತೆವು. ಮೇಷ್ಟ್ರೇ, ನೀವು ಹೇಳಿದ್ದು ನಿಜ. ಕತ್ತಲಾದ ಮೇಲೆ ಪಿಸುಮಾತಿನಲ್ಲಿ ಒಂದರ ಮೇಲೊಂದು ಪ್ರಶ್ನೆ. ಅರ್ಧಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ. ಹೊರಗೆ ಬಂದಾಗ ಜೋರು ಮಳೆ. ಕೊಡೆ ಒಂದೇ ತಂದಿದ್ದೆ, ಇಬ್ಬರೂ ಅರ್ಧರ್ಧ ನೆನೆದೆವು.

ಆ ರಾತ್ರಿ ರೂಮಿನಲ್ಲಿ ಅವನು ತಾನು ಬರೆದ ಮೆಟ್ರೋ ನಕ್ಷೆ ಹಾಸಿಗೆ ಮೇಲೆ ಹರಡಿಕೊಂಡು ಹೋದ ಸ್ಟೇಷನ್ನಿಗೆಲ್ಲ ಗುರುತು ಹಾಕುತ್ತಿದ್ದ. ತಲೆ ಎತ್ತದೆ ಕೇಳಿದ, "ಅಪ್ಪ ಇರೋದು ಇದರಲ್ಲಿ ಎಲ್ಲಿ?"

ಅಕ್ಕಾ, ನಿಮ್ಮ ಮಾತು ಓದಿರದಿದ್ದರೆ ನಾನು ಖಂಡಿತ ನಾಳೆ ಬೆಳಿಗ್ಗೆ ಬೇಗ ಏಳಬೇಕು, ಮಲಗು ಅಂದಿರುತ್ತಿದ್ದೆ. ನೇರಳೆ ಲೈನಿನ ವೈಟ್‌ಫೀಲ್ಡ್ ಕಡೆಯ ತುದಿಯಲ್ಲಿ ಬೆರಳಿಟ್ಟು ತೋರಿಸಿದೆ. ಮೆಜೆಸ್ಟಿಕ್ಕಿನಿಂದ ಅಲ್ಲಿಯವರೆಗೆ ಬೆರಳಿನಲ್ಲಿ ಸ್ಟೇಷನ್ ಎಣಿಸಿದ. "ಹೋಗಬೇಕಾ? ಫೋನ್ ಮಾಡ್ಲಾ?" ಅಂತ ಕೇಳಿದೆ. ನನ್ನ ಗಂಟಲು ಒಣಗಿತ್ತು, ಆದರೂ ಕೇಳಿದೆ. ತುಂಬಾ ಹೊತ್ತು ಯೋಚನೆ ಮಾಡಿದ. "ಈ ಸಲ ಬೇಡ. ಆ ಕಡೆ ಹೋಗೋಕೆ ಗೊತ್ತಾಯ್ತಲ್ಲ" ಅಂದ. ನಕ್ಷೆ ಮಡಚಿ ಇಟ್ಟ. ಐದು ನಿಮಿಷದಲ್ಲಿ ನಿದ್ದೆ.

ಭಾನುವಾರ ಕಬ್ಬನ್ ಪಾರ್ಕ್. ಭಾನುವಾರ ಒಳಗೆ ವಾಹನ ಬಿಡುವುದಿಲ್ಲ, ರಸ್ತೆ ತುಂಬ ಸೈಕಲ್, ನಾಯಿ, ಮಕ್ಕಳು. ಬಿದಿರಿನ ಮೆಳೆಯ ಹತ್ತಿರ ಚಪ್ಪಲಿ ಬಿಚ್ಚಿ ಕೂತೆ. ಅವನು ಅಲ್ಲಿ ಯಾರೋ ಹುಡುಗರ ಜೊತೆ ಬ್ಯಾಡ್ಮಿಂಟನ್ ಆಡಿದ. ಮಧ್ಯೆ ಮಧ್ಯೆ ತಿರುಗಿ ನಾನು ಇದ್ದೇನಾ ಅಂತ ನೋಡುತ್ತಿದ್ದ. ಮಧ್ಯಾಹ್ನ ಗಾಂಧಿನಗರದ ಸಪ್ನಾ ಪುಸ್ತಕದಂಗಡಿಯಲ್ಲಿ ವಿಜ್ಞಾನದ ಒಂದು ಕನ್ನಡ ಪುಸ್ತಕ ಕೊಡಿಸಿದೆ. ಸಂಜೆ ರೈಲು, ರಾತ್ರಿ ಮನೆ.

ಒಟ್ಟು ಖರ್ಚು 7,640. ರೂಮಿಗೇ ಅರ್ಧಕ್ಕಿಂತ ಜಾಸ್ತಿ ಹೋಯಿತು. ಆಟೋಗೆ ಅಂದುಕೊಂಡದ್ದಕ್ಕಿಂತ ಕಡಿಮೆ, ಮೆಟ್ರೋ ಇದ್ದಿದ್ದರಿಂದ. ಬಿಎಂಟಿಸಿ ಬಸ್ಸಿನಲ್ಲಿ ನನಗೆ ಶೂನ್ಯ ಟಿಕೆಟ್, ಅವನಿಗೆ ಅರ್ಧ. ಆ ದುಡ್ಡನ್ನು ಅವನೇ ತನ್ನ ಜೇಬಿನಿಂದ ಕೊಟ್ಟ. ಎರಡೂ ಟಿಕೆಟ್ ನೋಟ್‌ಬುಕ್ಕಿನಲ್ಲಿ ಅಂಟಿಸಿದ್ದಾನೆ.

ಮಲ್ಲಿಗೆ (ಹಾಸನ):

ಓದಿ ಮೈ ಜುಮ್ಮೆಂದಿತು. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ ಅಂದಿದ್ದೆ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ಗಿರಿನಗರದ ಅಮ್ಮ (ಬೆಂಗಳೂರು):

"ಈ ಸಲ ಬೇಡ" ಅಂದನಲ್ಲ, ಅದನ್ನು ನೆನಪಿಟ್ಟುಕೊಳ್ಳಿ. ಮುಂದೊಂದು ಸಲ ಬೇಕು ಅನ್ನಬಹುದು. ಆಗ ನನಗೆ ತಿಳಿಸಿ. ಆ ಹೊತ್ತು ನೀವು ಒಬ್ಬರೇ ಎಲ್ಲೋ ಹೋಟೆಲಿನಲ್ಲಿ ಕಾಯುವುದು ಬೇಡ, ನಮ್ಮ ಮನೆಗೆ ಬನ್ನಿ. ಅಡುಗೆ ಮಾಡಿ ಇಟ್ಟಿರುತ್ತೇನೆ.

ರೈಲುಪ್ರಿಯ (ಅರಸೀಕೆರೆ):

ಟೋಕನ್ ಮೇಲೆತ್ತಿ ತೋರಿಸಿದ ಹುಡುಗನಿಗೆ ನನ್ನ ಸಲಾಂ ಹೇಳಿ, ಅಕ್ಕಾ. ಮುಂದಿನ ಸಲ ಜನಶತಾಬ್ದಿ ಅರಸೀಕೆರೆಗೆ ಬಂದಾಗ ತಿಳಿಸಿ, ಪ್ಲಾಟ್‌ಫಾರ್ಮಿಗೆ ಬಂದು ಮಾತಾಡಿಸುತ್ತೇನೆ.

ತುಂಗಾತೀರ (ಶಿವಮೊಗ್ಗ):

ಖಂಡಿತ ಹೇಳುತ್ತೇನೆ. ಅಕ್ಕಾ, ನಿಮ್ಮ ಮಾತಿಗೆ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ಆ ದಿನ ಬಂದರೆ ನಿಮ್ಮ ಮನೆಗೇ ಬರುತ್ತೇನೆ.

ಜನವರಿಗೆ ಅವನಿಗೆ 12 ತುಂಬುತ್ತದೆ. ಬಸ್ಸಿನ ಅರ್ಧ ಟಿಕೆಟ್ ಅಲ್ಲಿಗೆ ಮುಗಿಯಿತು. ಅದಕ್ಕೂ ಮೊದಲು ಇನ್ನೊಂದು ಸಲ ಹೋಗಿಬಿಡೋಣ ಅಂತ ಅವನೇ ಹೇಳುತ್ತಿದ್ದಾನೆ. ಈ ಸಲ ಮೈಸೂರಿನ ರೈಲು ಮ್ಯೂಸಿಯಂ ಬೇಕಂತೆ, ಮಹಾರಾಣಿಯವರ ಬೋಗಿ ನೋಡಬೇಕಂತೆ. ಡಿಸೆಂಬರಿನಲ್ಲಿ ಎರಡು ದಿನ ರಜೆ ಕೇಳಿದ್ದೇನೆ. ಮೈಸೂರಿನವರು ಯಾರಾದರೂ ಇದ್ದರೆ, ರೈಲ್ವೆ ಸ್ಟೇಷನ್ ಹತ್ತಿರ ಒಳ್ಳೆಯ ಲಾಡ್ಜ್ ಯಾವುದು ಅಂತ ತಿಳಿಸಿ. ಫೋನ್ ನಾನೇ ಮಾಡಿ ವಿಚಾರಿಸುತ್ತೇನೆ.